ಕೊಬ್ಬರಿ ಹಾಕಿದ ಮೇಲೆ

ವನಜಾಕ್ಷಿ,

ನೀನು ತೀರಿಕೊಂಡ ಮೇಲೆ ಮೊದಲ ಸಲ ನಮ್ಮೂರು ದಬ್ಬೇಘಟ್ಟ ಬಿಟ್ಟು ಹೋಗಿದ್ದೆ. ಮಗಳು ಕೃತಿಕಾ ಕೂನೂರಿನ ಟೀ ತೋಟ ತೋರಿಸಿದಳು. ಗಿಡ ನನ್ನ ಸೊಂಟದಷ್ಟೇ ಎತ್ತರ. ಆದರೂ ತೆಂಗಿನ ತೋಟದ ಅಭ್ಯಾಸ, ಕಾಯಿ ಬಿದ್ದೀತೆಂದು ಮೇಲೆ ನೋಡಿಕೊಂಡೇ ನಿಂತೆ. ಅವಳಿಗೆ ನಗು.

"ಇವತ್ತು ಕಿತ್ತ ಎಲೆ ನಾಳೆಗೇ ಟೀ ಪುಡಿ ಆಗ್ತದಂತೆ, ಅಪ್ಪಾ."

"ನಮ್ ಕಾಯಿ ಕೊಬ್ಬರಿ ಆಗಕ್ಕೆ ವರ್ಷ ಅಟ್ಟದಲ್ಲಿರ್ಬೇಕು ಕಣವ್ವ," ಎಂದೆ, ಹೆಮ್ಮೆಯಿಂದ. ಅಂದ ಮೇಲೆ ನಿನ್ನ ಮಾತು ನೆನಪಾಯಿತು.

ಟೀ ಸೋಸುವಾಗೆಲ್ಲ ನೀನು, "ಈ ಗಿಡ ಹೆಂಗಿರ್ತದೋ, ಒಂದ್ಸಲ ನೋಡ್ಕಂಡ್ ಬರನ ಕಣ್ರೀ," ಎನ್ನುತ್ತಿದ್ದೆ.

"ಈ ಸಲದ ಕೊಬ್ಬರಿ ತಿಪಟೂರ್ ಮಂಡಿಗೆ ಹಾಕ್ಬುಟ್ಟು ಹೋಗನ ಬುಡು," ಎಂದು ನಾನು. ಪ್ರತಿ ವರ್ಷ ಕೊಬ್ಬರಿ ಇಳಿಸಿದೆವು, ಮತ್ತೆ ಹೊಸ ಕಾಯಿ ಅಟ್ಟಕ್ಕೇರಿಸಿದೆವು.

ಇವತ್ತು ಬಂದವನೇ ಅಟ್ಟ ಹತ್ತಿ ನೋಡಿದೆ. ಮನೆಗೆ ನಾಲ್ಕು ದಿನ ಬೀಗ ಹಾಕಿತ್ತು. ಒಂದು ಕಾಯಿಯೂ ಕದಲಿರಲಿಲ್ಲ.