ರಷ್ಯಾಕ್ಕೆ ಒಂದು ಸಾವು

ಮಾರ್ಚ್ 11, 1918

ಮೋಡ. ವಾಲ್ಬಿಯ ಗಾಜಿನ ಸ್ಟುಡಿಯೋದಲ್ಲಿ ಮೂಕಿ ಚಿತ್ರದ ಶೂಟಿಂಗಿಗೆ ಬಿಸಿಲು ಕಾಯುತ್ತಿದ್ದೇವೆ. ಮುಖಕ್ಕೆ ಹಳದಿ ಬಣ್ಣ ಬಳಿದಾಯಿತು. ಕಾಫಿ ಕುಡಿದೆ. ಕಾಫಿ ಎಂದು ಹೆಸರಷ್ಟೇ, ಯುದ್ಧ ಶುರುವಾದ ಮೇಲೆ ಬರೀ ಚಿಕೋರಿ.

ಈ ಸಲ ನನ್ನದು ಹಡಗಿನ ಕ್ಯಾಪ್ಟನ್ನನ ಹೆಂಡತಿಯ ಪಾತ್ರ. ಗಂಡನನ್ನು ಬಿಟ್ಟು ಓಡಿಹೋಗಿ ವಾಪಸ್ ಬರುತ್ತೇನೆ. ಎಂದಿನಂತೆ ಚಿತ್ರಕ್ಕೆ ಎರಡು ಕೊನೆ. ನಮ್ಮ ದೇಶಕ್ಕೆ, ಜರ್ಮನಿಗೆ — ಗಂಡ ಕ್ಷಮಿಸುತ್ತಾನೆ. ರಷ್ಯಾಕ್ಕೆ — ನಾನು ಸಮುದ್ರಕ್ಕೆ ಹಾರುತ್ತೇನೆ. ರಷ್ಯನ್ನರಿಗೆ ಅಳದಿದ್ದರೆ ಸಿನಿಮಾ ನೋಡಿದ ಹಾಗಾಗುವುದಿಲ್ಲ. ನನ್ನ ಹೆಸರೆಲ್ಲ ಸಾಯುವುದರಿಂದಲೇ ಬಂದದ್ದು. ಕ್ಷಮೆಯ ದೃಶ್ಯವನ್ನು ಹೇಗೋ ಬೇಗ ಮುಗಿಸುತ್ತಿದ್ದೆ.

ಅದೇ ದಿನ, ಸಂಜೆ

ನಿರ್ದೇಶಕ ಬ್ರೂನ್ ಬಂದ.

“ಥೋರಾ ಅವರೇ, ಈ ಸಲ ಸಾವು ಬೇಡ. ಕ್ರಾಂತಿ ಆದ್ಮೇಲೆ ರಷ್ಯಾದ ಮಾರುಕಟ್ಟೆ ಮುಚ್ಚಿಹೋಯ್ತು. ನಿಮ್ಮ ಹೆಣ ಕೊಳ್ಳೋರೇ ಇಲ್ಲ!”

ಎಲ್ಲರೂ ನಕ್ಕರು. ಆಮೇಲೆ ಬದಿಗೆ ಕರೆದು ಹೇಳಿದ:

“ಕೊನೇಲಿ ನಿಮ್ಮ ಮುಖದ ತುಂಬಾ ನಗು ಬೇಕು. ಅದನ್ನ ನೋಡಿಯೇ ಕಂಪನಿ ಮುಂದಿನ ವರ್ಷದ ಕಾಂಟ್ರಾಕ್ಟ್ ಕೊಡೋದು.”

ಭಯವಾಗಿದೆ. ಈ ಕೆಲಸ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ.

ಮಾರ್ಚ್ 14

ಬಿಸಿಲು. ಕ್ಷಮೆಯ ದೃಶ್ಯವನ್ನು ಮತ್ತೆ ಮತ್ತೆ ತೆಗೆದರು. ಎಯ್ನಾರ್ ಪಾಪ, ಕ್ಷಮಿಸಿ ಕ್ಷಮಿಸಿ ಸುಸ್ತಾದ. ಪ್ರತಿ ಚಿತ್ರದಲ್ಲೂ ನನ್ನ ಗಂಡ ಅವನೇ.

ಮಾರ್ಚ್ 15

ರೀಲು ಹಾಕಿ ನೋಡಿದೆವು. ಬಣ್ಣ ಹಚ್ಚುವ ಮಾರೆನ್ ಸೊರಸೊರ ಅಳುತ್ತಿದ್ದಳು.

“ಯಾಕಮ್ಮಾ? ಗಂಡ ಕ್ಷಮಿಸಿದಾನಲ್ಲ!” ಎಂದ ಬ್ರೂನ್.

“ಕ್ಷಮಿಸಿ ಏನು ಬಂತು ಸ್ವಾಮಿ? ಇವರ ಮುಖ ನೋಡಿದ್ರೆ ನಾಳೆವರೆಗೆ ಬದುಕಿರೋ ಹಾಗೆ ಕಾಣಲ್ಲ.”

ಅವಮಾನ. ಮನೆಗೆ ನಡೆದುಕೊಂಡೇ ಬಂದೆ.

ಮಾರ್ಚ್ 20

ಬ್ರೂನ್ ಉಪಾಯ ಹುಡುಕಿದ್ದಾನೆ. ನಾನು ಕ್ಯಾಮೆರಾಕ್ಕೆ ಬೆನ್ನು ಹಾಕಿ ನಿಲ್ಲಬೇಕು. ಗಂಡನ ಮುಖವೊಂದೇ ಸಾಕಂತೆ. ಹೊಟ್ಟೆ ಉರಿಯಿತು. ನಿಂತೆ.

ಎಯ್ನಾರ್ ತಬ್ಬಿಕೊಂಡ. ಮುಖ ಗಂಭೀರ, ಕಣ್ಣಲ್ಲಿ ನೀರು. ತುಟಿ ಅಲ್ಲಾಡಿಸದೆ ಕಿವಿಯಲ್ಲಿ ಹೇಳಿದ:

“ಬೇಗ ಕ್ಷಮಿಸಿಬಿಡ್ತೀನಿ ಮಾರಾಯ್ತಿ. ಮಧ್ಯಾಹ್ನ ತಿಂದ ಹೆರಿಂಗ್ ಮೀನು ಮೇಲೆ ಬರ್ತಿದೆ.”

ನಗು ಒತ್ತರಿಸಿ ಬಂತು. ತಡೆಯಲಾಗಲಿಲ್ಲ. ಅವನ ಮುಖದೆದುರೇ ಮೈಯೆಲ್ಲ ಕುಲುಕುವಷ್ಟು ನಕ್ಕೆ.

“ಭೇಷ್!” ಬ್ರೂನ್ ಕೂಗಿದ. “ಭುಜದಲ್ಲೇ ಎಷ್ಟು ಚೆನ್ನಾಗಿ ಅತ್ತಿರಿ!”

“ಅತ್ತಿದ್ದಲ್ಲ, ನಕ್ಕಿದ್ದು! ಇನ್ನೊಂದ್ಸಲ ಮುಂದಿನಿಂದ ತೆಗೀರಿ. ಬಿಸಿಲಿನ್ನೂ ಇದೆ.”

“ಬೇಡ ಬಿಡಿ. ಇದೇ ಚೆನ್ನಾಗಿದೆ.”

ಏಪ್ರಿಲ್ 9

ಕಾಂಟ್ರಾಕ್ಟ್ ಇಲ್ಲ. ನನ್ನ ಪಾತ್ರಗಳೆಲ್ಲ ಇನ್ನು ಮೇಲೆ ಎಲ್ನಾಳಿಗೆ — ಇಪ್ಪತ್ತೂ ತುಂಬದ ಹುಡುಗಿ, ಸದಾ ಹಲ್ಲು ಕಿರಿಯುತ್ತಾಳೆ. ಮಧ್ಯಾಹ್ನದ ತನಕ ಹಾಸಿಗೆ ಬಿಟ್ಟು ಏಳಲಿಲ್ಲ.

ಎಯ್ನಾರ್ ಬಂದ. ಟೋಪಿ ತೆಗೆಯದೆ ಕುಳಿತ.

“ನಾನು ನಕ್ಕಿದ್ದು ನೀನೊಬ್ಬನೇ ನೋಡಿದ್ದು. ಕಂಪನಿಯವರಿಗೆ ಹೇಳಬಾರದಿತ್ತಾ?”

“ಹೇಳ್ದೆ. ನಂಬಲಿಲ್ಲ.”

ಅವನಿಗೆ ಚಿಕೋರಿ ಬಗ್ಗಿಸಿ ಕೊಟ್ಟೆ. ಕೊನೆಗೆ ನಾನೇ ಕೇಳಿದೆ — ನನ್ನ ನಗು ಹೇಗಿತ್ತು?

“ಮೇಲಿನ ಹಲ್ಲೊಂದು ಸೊಟ್ಟ ಇದೆ ನಿಂಗೆ. ಇಷ್ಟು ವರ್ಷ ನಿನ್ನ ಗಂಡನಾಗಿದ್ದೀನಿ, ಅವತ್ತೇ ನೋಡಿದ್ದು.”

ಅವನು ಹೋದ ಮೇಲೆ ಕನ್ನಡಿ ಮುಂದೆ ಕುಳಿತೆ. ನಗಲು ನೋಡಿದೆ. ಬರಲಿಲ್ಲ. ಇನ್ನೊಮ್ಮೆ... ಇಲ್ಲ, ಇದು ಸಾಯುವಾಗಿನ ಮುಖ. ಇದೂ ಅಲ್ಲ. ತಡಿ, ಸೊಟ್ಟ ಹಲ್ಲು ಕಂಡಿತು, ಇದು —