ಹಳದಿ ಗೆರೆಯ ಈಚೆ

ಶೆಡ್ಡಿನಿಂದ,
ಜೂನ್ ೧೪, ಭಾನುವಾರ

ಪ್ರೀತಿಯ ಅರೆಮೀಸೆಗೆ,

ನಿನ್ನ ಗೊಣಗನ ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ಉತ್ತರ ತಡವಾದದ್ದಕ್ಕೆ ಕ್ಷಮೆಯೂ ಇರಲಿ, ಬೈಗುಳವೂ ಇರಲಿ. ನಿನ್ನ ಹತ್ತಿರ ಎರಡೂ ಧಾರಾಳ. ಕೆಲಸ ಜಾಸ್ತಿ ಎಂದು ನೆಪ ಹೇಳುವ ಹಾಗೂ ಇಲ್ಲ, ಕೆಲಸವೇ ಇಲ್ಲದೆ ಕೂತಿದ್ದೇನೆ. ಕೂತಿದ್ದೇನೆ ಎಂದದ್ದೂ ಸುಳ್ಳೇ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಎರಡು ಸಾಲು ಬರೆಯುತ್ತೇನೆ, ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ. ಕಾಗದದಲ್ಲೂ ಅದೇ ನಡಿಗೆ ಕಂಡರೆ ಸಹಿಸಿಕೋ.

ನೀನು ಕೇಳಿದ್ದು ಒಂದೇ ಮಾತು: “ನಾನೇ ಬಂದು ಒಂದಷ್ಟು ತಿಂಗಳು ಇದ್ದು ಕಟಿಂಗ್ ಕೆಲಸ ನೋಡ್ಕೊಳ್ಲೇನೋ?” ಓದಿ ಕಣ್ಣು ಒದ್ದೆಯಾಯಿತು. ಇಷ್ಟು ವಯಸ್ಸಾದ ಮೇಲೆ ಇನ್ನೊಬ್ಬರ ಶೆಡ್ಡಿಗೆ ಬಂದು ದುಡಿಯುತ್ತೇನೆ ಎನ್ನುವ ಹುಚ್ಚ ನನಗೆ ನೀನೊಬ್ಬನೇ. ಅದಕ್ಕೆ ಉತ್ತರ ಹೇಳುತ್ತೇನೆ, ಮೊದಲು ಇಲ್ಲಿಯ ಸುದ್ದಿ ಕೇಳು.

ಆ ಪ್ಲಾಸ್ಮಾ ಕಟ್ಟರ್ ನನ್ನ ತಲೆಗೆ ಕಟ್ಟಿದವನು ನೀನು. “ಗ್ಯಾಸ್ ಸಿಲಿಂಡರ್ ಉರುಳಿಸೋ ವಯಸ್ಸೇನೋ ಇದು? ಕರೆಂಟು, ಗಾಳಿ ಎರಡಿದ್ರೆ ಸಾಕು, ಕಬ್ಬಿಣ ಬೆಣ್ಣೆ ಆಗುತ್ತೆ” ಅಂದೆ. ಗ್ಯಾಸಿನ ಬೆಂಕಿಗೆ ಅರ್ಧ ಮೀಸೆ ಕೊಟ್ಟವನ ಮಾತಲ್ಲವೇ, ನಂಬಿದೆ. ಯಂತ್ರ ಬಂದ ವಾರವೇ ನಾನು ಕುಸಿದು ಬಿದ್ದದ್ದು ನಿನಗೆ ಗೊತ್ತೇ ಇದೆ. ಹೃದಯ ತಾಳ ತಪ್ಪದಂತೆ ನೋಡಿಕೊಳ್ಳಲಿ ಎಂದು ಎದೆಯೊಳಗೆ ಪೇಸ್‌ಮೇಕರ್ ಕೂರಿಸಿದರು. ಆಸ್ಪತ್ರೆಯಿಂದ ಹೊರಡುವಾಗ ವೈದ್ಯೆಗೆ ನನ್ನ ಕಸುಬು ಹೇಳಿದೆ. ಆಕೆ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. “ಆ ಕಟ್ಟರ್ ಹೊತ್ತಿಕೊಳ್ಳುವಾಗ ನಿಮ್ಮೊಳಗಿನ ಯಂತ್ರ ಗಲಿಬಿಲಿ ಆಗಬಹುದು. ಅದು ಆನ್ ಇರೋವಾಗ ಹತ್ತಿರ ಸುಳೀಬೇಡಿ” ಅಂದರು. ಒಂದೇ ವಾರದಲ್ಲಿ ಮನೆ ಸೇರಿದ ಎರಡು ಯಂತ್ರಗಳು, ಸವತಿಯರ ಹಾಗೆ ಒಂದಕ್ಕೊಂದು ಆಗದು.

ಶಾಲೆಯ ಗೇಟುಗಳನ್ನು ಮಾಡಿಕೊಡುತ್ತೇನೆಂದು ಆಗಲೇ ಒಪ್ಪಿಕೊಂಡಾಗಿತ್ತು. ಒಬ್ಬ ಕೆಲಸಗಾರನನ್ನು ಕರೆಸಿದೆ. ಎರಡನೆಯ ದಿನ ಕೈಗವಸು ಬಿಚ್ಚಿಟ್ಟು, “ನಿಮ್ಮ ಬಾಯಿಗಿಂತ ಈ ಮಿಷಿನ್ನೇ ವಾಸಿ ಸಾರ್, ಇದಕ್ಕಾದ್ರೂ ಸ್ವಿಚ್ ಇದೆ” ಎಂದು ಹೇಳಿ ಹೊರಟುಹೋದ. ನಗಬೇಡ.

ಆಗ ನಿನ್ನ ಅತ್ತಿಗೆ ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದಳು. “ಗೆರೆ ಮೇಲೆ ಕತ್ತರಿಸೋದು ತಾನೇ? ಇಷ್ಟು ವರ್ಷ ನಾನು ಇನ್ನೇನು ಮಾಡಿದ್ದು?” ಎಂದಳು. ನಾನು ಬಾಯಿ ತೆರೆಯುವ ಮೊದಲೇ ಬಣ್ಣದ ಡಬ್ಬಿ ತಂದು, ವೈದ್ಯೆ ಹೇಳಿದ ದೂರಕ್ಕೆ ಇನ್ನೆರಡು ಮಾರು ತನ್ನ ಲೆಕ್ಕ ಸೇರಿಸಿ, ಶೆಡ್ಡಿನ ನೆಲಕ್ಕೆ ಅಡ್ಡಲಾಗಿ ಹಳದಿ ಗೆರೆ ಎಳೆದಳು. ಗೆರೆಯ ಈಚೆ ನನ್ನ ಕುರ್ಚಿ. ಪ್ಲಗ್ ಕಿತ್ತಿಟ್ಟಾಗ ಮಾತ್ರ ನಾನು ದಾಟಬಹುದು.

ಹಾಗಾಗಿ ಪಾಠವೆಲ್ಲ ಸತ್ತ ಯಂತ್ರದ ಮೇಲೆ. ದಿನಾ ಬೆಳಿಗ್ಗೆ ಗಾಳಿ ತುಂಬುವ ಕಂಪ್ರೆಸರ್‌ನ ನೀರು ಬಸಿ, ಒದ್ದೆ ಗಾಳಿ ಹೋದರೆ ಕೈಯಲ್ಲಿ ಹಿಡಿದು ಕತ್ತರಿಸುವ ಟಾರ್ಚಿನ ಮೂತಿ ಬೇಗ ತಿಂದುಹೋಗುತ್ತದೆ ಎಂದೆ. ತಗಡಿಗೆ ಸಿಕ್ಕಿಸುವ ಅರ್ತ್ ಕ್ಲ್ಯಾಂಪನ್ನು ಬಣ್ಣದ ಮೇಲೆ ಕಚ್ಚಿಸಬೇಡ, ಉಜ್ಜಿ ಕಬ್ಬಿಣದ ಮೈ ಕಾಣಿಸಿದ ಮೇಲೆ ಕಚ್ಚಿಸು. ಮೂತಿ ಬದಲಿಸುವ ಮುಂಚೆ ಪ್ಲಗ್ ಕೀಳು, ಟಾರ್ಚ್ ತಣ್ಣಗಾಗಲಿ. ಥಿನ್ನರ್ ಡಬ್ಬಿ ಹೊರಗಿಡು. ಮುಚ್ಚಿದ ಡ್ರಮ್ಮನ್ನು ದೇವರೇ ಬಂದು ಹೇಳಿದರೂ ಕತ್ತರಿಸಬೇಡ. ಎಲ್ಲಕ್ಕೂ ತಲೆಯಾಡಿಸಿದಳು. ಕಪ್ಪು ಗಾಜಿನ ಮುಖಕವಚ ಹಾಕಿಕೊಂಡಳು, ಹೊಗೆ ಹೊರಗೆ ಹೋಗಲು ಫ್ಯಾನನ್ನು ಬಾಗಿಲ ಕಡೆ ತಿರುಗಿಸಿದಳು. ಜಗಳವಾದದ್ದು ಏಪ್ರನ್‌ಗೆ. ಚರ್ಮ ತಂದು ತಾನೇ ಹೊಲಿದಿದ್ದಳು, ಎದೆಯ ಮೇಲೆ ಚೆಂದದೊಂದು ಜೇಬು ಇಟ್ಟು. ಕಿಡಿ ಬಿದ್ದರೆ ಜೇಬಲ್ಲೇ ಕೂತು ಸುಡುತ್ತದೆ, ಬಿಚ್ಚು ಎಂದೆ. “ಜೇಬಿಲ್ಲದ ಏಪ್ರನ್ ಯಾರು ಹೊಲೀತಾರೆ?” ಎಂದು ಅರ್ಧ ದಿನ ಮುಖ ಊದಿಸಿಕೊಂಡು ಕೊನೆಗೆ ಬಿಚ್ಚಿದಳು.

ಮೊದಲ ತಗಡುಗಳನ್ನು ನೋಡಬೇಕಿತ್ತು ನೀನು. ನಾನು ಎಳೆದ ಗೆರೆ ಬಿಟ್ಟು ಸುತ್ತ ಬೆರಳಗಲ ಆಚೆಗೆ ಕತ್ತರಿಸಿದ್ದಾಳೆ! ಯಾಕೆ ಎಂದರೆ, “ಹೊಲಿಗೆಗೆ ಬಿಟ್ಟೆ ರೀ” ಅಂದಳು. ಕಬ್ಬಿಣಕ್ಕೆ ಮಡಿಕೆ ಹೊಲಿಗೆ! ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಸ್ಪತ್ರೆಯಿಂದ ಬಂದಮೇಲೆ ನಾನು ನಕ್ಕಿದ್ದು ಅದೇ ಮೊದಲು.

ಎದ್ದು ಹೋಗಿದ್ದೆ. ಗಾಳಿ ಕೊಳವೆ ಎಲ್ಲೋ ಸುಯ್ಯೆಂದ ಹಾಗಾಯಿತು, ಏನೂ ಇಲ್ಲ. ಭಾನುವಾರ ಕಂಪ್ರೆಸರ್ ಓಡುವುದೇ ಇಲ್ಲ ಎನ್ನುವುದೂ ಮರೆತಿತ್ತು.

ಎಲ್ಲಿದ್ದೆ? ಹಾಂ, ಅವಳ ಹೊಲಿಗೆಯ ಅಭ್ಯಾಸ. ಇನ್ನೊಂದು ಅಭ್ಯಾಸ ಎಡಗೈಯದು. ಬಟ್ಟೆ ಕತ್ತರಿಸುವವರನ್ನು ನೋಡಿದ್ದೀಯಲ್ಲ, ಬಲಗೈಯ ಕತ್ತರಿ ಹೋಗುವ ದಾರಿಯಲ್ಲಿ ಎಡಗೈ ಬಟ್ಟೆಯನ್ನು ಒತ್ತಿ ಹಿಡಿದು ಮುಂದೆ ಮುಂದೆ ಸರಿಯುತ್ತದೆ. ಅದನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಒಂದು ಮಧ್ಯಾಹ್ನ ಅವಳು ದೊಡ್ಡ ತಗಡಿನ ಅಂಚಿನಿಂದ ಕತ್ತರಿಸುತ್ತಾ ಬರುತ್ತಿದ್ದಳು. ನಾನು ನೋಡುತ್ತಿದ್ದ ಹಾಗೆಯೇ ಎಡಗೈ ಟಾರ್ಚ್ ಬಿಟ್ಟು ತಗಡಿನ ಮೇಲೆ, ಸರಿಯಾಗಿ ಗೆರೆಯ ಮೇಲೆ ಬಂದು ಕೂತಿತು. ಕೈಗವಸಿದ್ದರೇನು, ಕಬ್ಬಿಣವನ್ನೇ ಸೀಳುವುದಕ್ಕೆ ಚರ್ಮ ಯಾವ ಲೆಕ್ಕ? ಕೂಗಿದೆ. ಕಂಪ್ರೆಸರ್ ಸದ್ದಿನಲ್ಲಿ ಅದು ನನಗೇ ಕೇಳಿಸಲಿಲ್ಲ.

ಗೆರೆ ದಾಟಿ ಓಡಿದೆ.

ಅಡ್ಡ ಬಂದ ನನ್ನ ಚಪ್ಪಲಿ ಕಾಲು ಕಂಡು ಅವಳು ಟ್ರಿಗರ್ ಬಿಟ್ಟಳು. ನನಗೆ ತಲೆ ಸುತ್ತಿತು, ಎದೆಯ ಯಂತ್ರಕ್ಕೋ ಹೆದರಿಕೆಗೋ ಇವತ್ತಿಗೂ ಗೊತ್ತಿಲ್ಲ. ಅವಳು ಪ್ಲಗ್ ಕಿತ್ತು, ನನ್ನ ರಟ್ಟೆ ಹಿಡಿದು ದರದರ ಈಚೆಗೆ ಎಳೆದುಕೊಂಡು ಬಂದಳು. ನಾನು ಬೆರಳು ಬೆರಳು ಎಂದು ತೊದಲುತ್ತಿದ್ದೆ. ಅವಳು ಮುಖಕವಚ ಕಿತ್ತೆಸೆದು, “ಒಂದು ಬೆರಳು ಹೋದ್ರೆ ಇನ್ನೂ ಒಂಬತ್ತು ಇರುತ್ತೆ ರೀ. ನೀವು ಹೋದ್ರೆ?” ಎಂದು ಕೂಗಿದಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತಳು. ನಾನೂ ಅತ್ತೆ, ಬರೆಯಲು ನಾಚಿಕೆಯೇನು.

ಮಾರನೆಯ ದಿನ ವೈದ್ಯೆ ಪರೀಕ್ಷೆ ಮಾಡಿ ಏನೂ ಕೆಟ್ಟಿಲ್ಲ ಎಂದರು, ಆದರೆ ಚೆನ್ನಾಗಿ ಉಗಿದರು. ಎಲೆಕ್ಟ್ರಿಷಿಯನ್ ಬಂದು ಕಟ್ಟರಿನ ಮುಖ್ಯ ಸ್ವಿಚ್ಚನ್ನು ನನ್ನ ಕುರ್ಚಿಯ ಪಕ್ಕದ ಕಂಬಕ್ಕೆ ತಂದು ಕೂರಿಸಿದ. ಈಗ ಏನೇ ಕಂಡರೂ ಓಡಬೇಕಿಲ್ಲ, ಕೂತಲ್ಲಿಂದಲೇ ಆರಿಸಬಹುದು. ಅವಳ ಎಡಗೈಗೂ ಒಂದು ಕೆಲಸ ಕೊಟ್ಟಿದ್ದೇನೆ: ಬಲ ಮಣಿಕಟ್ಟನ್ನು ಹಿಡಿದುಕೊಂಡಿರುವುದು. ನೇರ ಗೆರೆಗೆ ಒಂದು ಪಟ್ಟಿಯನ್ನು ಕ್ಲ್ಯಾಂಪ್ ಹಾಕಿ ಬಿಗಿದುಕೊಂಡರೆ ತಗಡು ಒತ್ತಿ ಹಿಡಿಯುವ ಚಪಲವೇ ಬರುವುದಿಲ್ಲ.

ಈಗ ಅವಳ ಕೈ ಕುದುರಿದೆ ಕಣೋ. ಅಂಚು ಎಷ್ಟು ನಯವೆಂದರೆ ಉಜ್ಜುವ ಕೆಲಸ ಅರ್ಧಕ್ಕರ್ಧ ಕಡಿಮೆ. ಎರಡು ಗೇಟು ನಿಂತಿವೆ, ಮೂರನೆಯದು ಮೇಜಿನ ಮೇಲಿದೆ. ಆದ್ದರಿಂದ ನಿನ್ನ ಮಾತಿಗೆ ನನ್ನ ಉತ್ತರ ಇದು: ನೀನು ಬರುವುದು ಬೇಡ. ಮಗಳ ಮನೆಯಲ್ಲಿ ಮೊಮ್ಮಕ್ಕಳನ್ನು ಆಡಿಸಿಕೊಂಡು ಹಾಯಾಗಿರು. ನಾನು ಚೆನ್ನಾಗಿದ್ದೇನೆ, ಶೆಡ್ಡು ನಡೆಯುತ್ತಿದೆ.

ಮೊಮ್ಮಕ್ಕಳಿಗೆ ಈ ಅಜ್ಜನ ಆಶೀರ್ವಾದ. ನಿನ್ನ ಮಂಡಿ ನೋವು ಇಳಿಯಲಿ, ಉಳಿದರ್ಧ ಮೀಸೆ ಬಹುಕಾಲ ಬಾಳಲಿ.

ನಿನ್ನವನೇ ಆದ
ಗೊಣಗ

ವಿ.ಸೂ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಮೊದಮೊದಲು ಒಂದೊಂದು ತುಂಡು ಕತ್ತರಿಸಿದಾಗಲೂ ಅವಳು ಕವಚ ಎತ್ತಿ ನನ್ನ ಕಡೆ ನೋಡುತ್ತಿದ್ದಳು. ನಾನು ಕೈ ಎತ್ತಿದರೇ ಮುಂದಿನ ತುಂಡು. ಈ ವಾರ ಒಮ್ಮೆಯೂ ತಿರುಗಿ ನೋಡಿಲ್ಲ. ನಿನ್ನೆ ನಾನು ಎತ್ತಿದ ಕೈ ಎತ್ತಿದಂತೆಯೇ ಇತ್ತು. ಆಮೇಲೆ ಅದನ್ನು ಸ್ವಿಚ್ಚಿನ ಮೇಲಿಟ್ಟುಕೊಂಡು ಏನು ಮಾಡುತ್ತಿದ್ದೆ ಗೊತ್ತೇ? ಅವಳು ತಪ್ಪು ಮಾಡಲಿ ಎಂದು ಕಾಯುತ್ತಿದ್ದೆ. ಆ ಎಡಗೈ ಇನ್ನೊಂದು ಸಲ ಮುಂದೆ ಬರಲಿ, ನಾನು ಆರಿಸುತ್ತೇನೆ, ಅವಳು ಬೆಚ್ಚಿ ಈ ಕಡೆ ನೋಡುತ್ತಾಳೆ ಎಂದು. ಕೈ ಬರಲಿಲ್ಲ, ಮತ್ತು ನನಗೆ ಬೇಜಾರಾಯಿತು. ನನಗೋಸ್ಕರ ಒಂಬತ್ತು ಬೆರಳಲ್ಲಿ ಬದುಕಲು ತಯಾರಾದವಳು ಅವಳು, ಅವಳ ಬೆರಳು ಹತ್ತೂ ಉಳಿದದ್ದಕ್ಕೆ ನನಗೆ ಬೇಜಾರು! ಅರೆಮೀಸೆ, ಆ ಸ್ವಿಚ್ಚಿನ ಪಕ್ಕ ನಾನೊಬ್ಬನೇ ಕೂರಬಾರದು. ಬರುವುದು ಬೇಡ ಎಂದು ಮೇಲೆ ಬರೆದದ್ದನ್ನು ನೀನೇ ಹೊಡೆದುಹಾಕಿಕೋ. ಬಾ. ಕತ್ತರಿಸುವುದಕ್ಕೆ ಅವಳಿದ್ದಾಳೆ. ಗೆರೆಯ ಈಚೆ ಇನ್ನೊಂದು ಕುರ್ಚಿ ಹಾಕಿದ್ದೇನೆ.