ಹೋರಾ ಕೆರೆಗೆ ಅವ್ವನ ಕೋಲು

ಅವ್ವಾ,

ಮಳೆಗಾಲ ಕಳೆಯಿತೆಂದು ನೀರನ್ನು ಹೊಗಳುವ ಹೋರಾ ಕೆರೆಯ ಹಬ್ಬಕ್ಕೆ ಹೊರಟೆ. ಕಾಫಿಬೀಜ ಹುರಿದಿಟ್ಟಿದ್ದೇನೆ, ಕುಡಿಯದೆ ಕೂರಬೇಡ. ಕರುವನ್ನು ನೆರಳಿಗೆ ಕಟ್ಟು.

"ನನ್ನ ಲಮ್ಮೆಸಾನ್ನ ನುಂಗಿದ ನೀರನ್ನ ಯಾವ ಬಾಯಲ್ಲೇ ಹೊಗಳ್ತೀಯ?" ಎಂದು ನಿನ್ನೆ ನೀನು ಕೇಳಿದೆ. ಬೆಂಕಿಯುಗುಳಿದ ಬೆಟ್ಟದ ಬಾಯನ್ನೇ ತಣಿಸಿ ನಿಂತ ನೀರವ್ವ ಅದು. ಅಣ್ಣನನ್ನು ಕೊಂದದ್ದು ಹಬ್ಬದ ಜನರ ಮೇಲೆ ಗುಂಡು ಹಾರಿಸಿ, ದಿಕ್ಕೆಟ್ಟು ಓಡಿ ನೀರಿಗೆ ಬೀಳುವಂತೆ ಮಾಡಿದ ಸೈನಿಕರು.

ನಿನ್ನ ಮದುವೆಯಲ್ಲಿ ಅಜ್ಜಿ ಕೊಟ್ಟ ಸೀಂಕೆ ಕೋಲನ್ನು ಆ ದಿನ ನೀನು ಅವರ ಬಂದೂಕುಗಳಿಗೆ ಅಡ್ಡ ಹಿಡಿದೆ. ಹೆಂಗಸಿನ ಆ ಕೋಲನ್ನು ಯಾವ ಗಂಡಸೂ ದಾಟುವುದಿಲ್ಲವೆಂದು ನಂಬಿದ್ದೆವು. ಅವರು ದಾಟಿದರು. ಅಂದಿನಿಂದ ನೀನು ಅದನ್ನು ಮುಟ್ಟಿಲ್ಲ. ನಾಚಬೇಕಾದವರು ಅವರು, ನೀನಲ್ಲ.

ಇಂದೂ ದಂಡೆಯಲ್ಲಿ ಬಂದೂಕುಗಳಿರುತ್ತವೆ. ಮದುವೆಯಾಗದ ನಾನು ಆ ಕೋಲು ಹಿಡಿಯುವಂತಿಲ್ಲ. ಹಬ್ಬಕ್ಕೆ ಎಲ್ಲರೂ ಒಯ್ಯುವ ಹಸಿರು ಹುಲ್ಲು ಹಿಡಿದೇ ಮುಂದೆ ನಿಲ್ಲುತ್ತೇನೆ. ನಿನ್ನ ಹಬ್ಬದ ಬಿಳಿ ಬಟ್ಟೆ ಒಗೆದು ಮಡಿಸಿದ್ದೇನೆ. ಕೋಲು ತಗೊಂಡು ಬಾರವ್ವ. ಅಳುತ್ತಾದರೂ ಬಾ.

ಕುಲಾನಿ